ಕಾವೇರಿ ಸೇರದ ಸಮುದ್ರ

ಆಗಿನ ದಿನಗಳಲ್ಲಿ ಹೊಸಹಳ್ಳಿಯಿಂದ ರಾಜಾಜಿನಗರಕ್ಕೆ ಹೊಲದ ಬದುಗಳ ಮೇಲೆಯೇ ನಡೆದು ಬರಬಹುದಿತ್ತು. ಹಾಗೆ ಬಂದವರ ಕಾಲಿಗೆ ಕೆಂಪು ಮಣ್ಣು, ಸೀರೆಯ ಅಂಚಿಗೆ ಉತ್ತರಾಣಿ ಮುಳ್ಳು, ಚಳಿಗಾಲವಾದರೆ ಮಡಿಲಲ್ಲಿ ಕಟ್ಟಿಕೊಂಡ ಅವರೆಕಾಯಿಯ ಸೊಗಡು. ನನ್ನ ಸೋದರತ್ತೆ ವಾರಕ್ಕೊಮ್ಮೆ ಹೀಗೆ ಬರುತ್ತಿದ್ದರು. ರಾಜಾಜಿನಗರ ಆಗಿನ್ನೂ ಕಣ್ಣು ಬಿಡುತ್ತಿದ್ದ ಬಡಾವಣೆ. ಒಂದೇ ಅಚ್ಚಿನ ಸಾಲು ಮನೆಗಳು, ನಡುನಡುವೆ ಖಾಲಿ ಸೈಟುಗಳು, ಸೈಟುಗಳಲ್ಲಿ ಲಂಟಾನ ಪೊದೆಗಳು ಮತ್ತು ನಾವು ಹುಡುಗಿಯರು ಎಳೆದ ಕುಂಟೆಬಿಲ್ಲೆಯ ಗೆರೆಗಳು. ಸಂಜೆ ಐದಕ್ಕೆ ಮಾಗಡಿ ರಸ್ತೆಯ ಬಟ್ಟೆ ಮಿಲ್ಲಿನ ಶಂಖ ಊದಿದರೆ ನಮ್ಮ ಆಟ ಮುಗಿಯುತ್ತಿತ್ತು.

ಆ ಮಿಲ್ಲಿನಲ್ಲೇ ನಮ್ಮ ಅಪ್ಪನಿಗೆ ಕೆಲಸ. ಅಪ್ಪನನ್ನು ನಾನು ಅಣ್ಣ ಎನ್ನುತ್ತಿದ್ದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಗೆಯೇ. ಅಣ್ಣ ಹತ್ತಿ ನೋಡಿ ಆರಿಸುವವರು. ಒಂದು ಚಿಟಿಕೆ ಹತ್ತಿ ಹಿಡಿದು ಎರಡು ಹೆಬ್ಬೆರಳುಗಳ ನಡುವೆ ಮೆಲ್ಲಗೆ ಎಳೆದು, ಎಳೆ ಎಷ್ಟುದ್ದ, ಎಷ್ಟು ಗಟ್ಟಿ ಎಂದು ಹೇಳಿಬಿಡುತ್ತಿದ್ದರು. ಮನೆಗೆ ಬಂದಾಗ ಅವರ ತಲೆಗೂದಲಿನಲ್ಲಿ ಹತ್ತಿಯ ಚೂರುಗಳು ಸಿಕ್ಕಿಕೊಂಡಿರುತ್ತಿದ್ದವು. ಅವ್ವ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಒಂದೊಂದನ್ನೇ ಹೆಕ್ಕಿ ತೆಗೆದು ಒಳಗೆ ಬಿಡುತ್ತಿದ್ದಳು.

ನನಗೆ ಒಂಬತ್ತು ವರ್ಷವಾದ ಮಳೆಗಾಲದಲ್ಲಿ ಅವ್ವ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಅಣ್ಣ ಅವಳ ಬೂದಿಯನ್ನು ಶ್ರೀರಂಗಪಟ್ಟಣಕ್ಕೆ ತೆಗೆದುಕೊಂಡು ಹೋದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಅವರು ವಾಪಸು ಬಂದ ಮೇಲೆ ನಾನು ಅತ್ತೆಯನ್ನು ಕೇಳಿದೆ, ಅವ್ವನನ್ನು ಎಲ್ಲಿ ಬಿಟ್ಟು ಬಂದರು ಎಂದು.

"ನಿಮ್ಮವ್ವ ಕಾವೇರಿ ಸೇರವ್ಳೆ ಕಣವ್ವ," ಎಂದರು ಅತ್ತೆ. "ಕಾವೇರಿ ಹೋಗಿ ಸಮುದ್ರ ಸೇರ್ತಾಳೆ. ನಿಮ್ಮವ್ವಾನೂ ಅಲ್ಲೇ ಇರ್ತಾಳೆ. ತಣ್ಣಗಿರ್ತಾಳೆ ಬಿಡು, ಅಳಬ್ಯಾಡ."

ಆಮೇಲೆ ನಮ್ಮ ಮನೆಯಲ್ಲಿ ಅವ್ವನ ಮಾತೇ ನಿಂತುಹೋಯಿತು. ಅಣ್ಣ ಅವಳ ಹೆಸರೆತ್ತಲಿಲ್ಲ. ಅವರೇ ಎತ್ತದ ಹೆಸರನ್ನು ನಾನು ಹೇಗೆ ಎತ್ತಲಿ? ಇಬ್ಬರೂ ಎದುರುಬದುರು ಕೂತು ಮುದ್ದೆ ನುಂಗುತ್ತಿದ್ದೆವು. ಅಣ್ಣನ ತಲೆಯಲ್ಲಿ ಹತ್ತಿ ಹಾಗೆಯೇ ಇರುತ್ತಿತ್ತು.

ದೀಪಾವಳಿ ಮುಗಿದ ಮೇಲೆ ಮಿಲ್ಲಿನವರು ಅಣ್ಣನನ್ನು ಈಜಿಪ್ಟಿಗೆ ಕಳಿಸುವುದೆಂದು ಗೊತ್ತಾಯಿತು. ನಯವಾದ ಬಟ್ಟೆಗೆ ಆ ದೇಶದ ಉದ್ದ ಎಳೆಯ ಹತ್ತಿಯೇ ಬೇಕಂತೆ. ಅಲೆಕ್ಸಾಂಡ್ರಿಯಾ ಎಂಬ ಸಮುದ್ರತೀರದ ಊರಿನಲ್ಲಿ ಅದರ ದೊಡ್ಡ ಪೇಟೆ. ಅಲ್ಲಿ ಒಂದು ಚಳಿಗಾಲ ಕೂತು ಮಾಲು ಆರಿಸಿ ಕಳಿಸಬೇಕು. ಅಣ್ಣ ನನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದಾಗ ಅತ್ತೆ ಹೌಹಾರಿದರು.

"ಹೆಣ್ ಮಗೀನ ಹಡಗಲ್ಲಿ ಕರ್ಕೊಂಡ್ ಹೋಯ್ತೀಯಾ? ಬುದ್ಧಿ ಐತಾ ನಿಂಗೆ? ನನ್ನ ಹತ್ರ ಬಿಟ್ಟೋಗು. ನಮ್ಮ ಮಕ್ಳ ಜೊತೆ ಅದೂ ಒಂದು."

"ಇಲ್ಲಕ್ಕ. ಅವಳೂ ಬರ್ತಾಳೆ," ಎಂದರು ಅಣ್ಣ. ಅಷ್ಟೇ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಅಣ್ಣ, ಅಲ್ಲಿ ಸಮುದ್ರ ಇದೆಯಾ?"

"ಇದೆ ಕಣಮ್ಮ. ಮನೆ ಮುಂದೇನೇ ಇರುತ್ತಂತೆ."

"ಹಂಗಾದ್ರೆ ಬರ್ತೀನಿ."

ಯಾಕೆ ಎಂದು ಅವರು ಕೇಳಲಿಲ್ಲ.

ಬೊಂಬಾಯಿಯವರೆಗೆ ರೈಲು, ಅಲ್ಲಿಂದ ಹಡಗು. ಮೊದಲ ಮೂರು ದಿನ ವಾಂತಿ ಮಾಡಿಕೊಂಡು ಮಲಗಿದ್ದೆ. ನಾಲ್ಕನೆಯ ದಿನ ಮೇಲಕ್ಕೆ ಬಂದು ಕಂಬಿ ಹಿಡಿದು ನಿಂತವಳು ಊಟಕ್ಕೆ ಬಿಟ್ಟರೆ ಅಲ್ಲಿಂದ ಕದಲಲಿಲ್ಲ. ಅವ್ವ ನೀರಿನಲ್ಲಿ ಹೇಗೆ ಕಾಣಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಕೊನೆಗೆ ಅವಳಿಗೆ ಉಡಿಸಿದ್ದು ಹಸಿರು ಸೀರೆ, ಆದ್ದರಿಂದ ನೀರು ಹಸಿರಾಗಿ ಕಂಡ ಕಡೆಯಲ್ಲೆಲ್ಲ ಕಣ್ಣು ನೆಟ್ಟು ನೋಡುತ್ತಿದ್ದೆ. ಏಡನ್ ಬಂತು, ಹೋಯಿತು. ಕೆಂಪು ಸಮುದ್ರವೆಂದರು, ಅದು ಕೆಂಪಗಿರಲಿಲ್ಲ. ಆಮೇಲೆ ಮರಳುಗಾಡಿನ ನಡುವೆ ತೋಡಿದ ಕಾಲುವೆಯಲ್ಲಿ ನಮ್ಮ ಹಡಗು ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಸಾಗಿತು. ದಡದಲ್ಲಿ ಒಂಟೆಗಳು ನಿಂತು ನಮ್ಮನ್ನೇ ನೋಡುತ್ತಿದ್ದವು.

"ಸಮುದ್ರ ಇಷ್ಟ ಆಯ್ತಾ?" ಎಂದು ಅಣ್ಣ ಕೇಳಿದರು.

"ಹೂಂ."

ಅವರಿಗೆ ಸಂತೋಷವಾಯಿತು. ಎಷ್ಟೋ ತಿಂಗಳ ಮೇಲೆ ಅವರು ನಕ್ಕಿದ್ದನ್ನು ನಾನು ಅಂದು ಕಂಡೆ.

ಅಲೆಕ್ಸಾಂಡ್ರಿಯಾ ಕುಡುಗೋಲಿನಂತೆ ಬಾಗಿದ ಕಡಲಿನ ಸುತ್ತ ಹರಡಿದ ಊರು. ಕಡಲುದ್ದಕ್ಕೂ ಕಲ್ಲಿನ ಕಟ್ಟೆ, ಕಟ್ಟೆಯ ಪಕ್ಕದಲ್ಲಿ ಅಗಲವಾದ ರಸ್ತೆ, ರಸ್ತೆಯ ಈಚೆ ನಾಲ್ಕೈದು ಅಂತಸ್ತಿನ ಹಳೆಯ ಮನೆಗಳು. ಉಪ್ಪುಗಾಳಿಗೆ ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಅಂಥದೊಂದು ಮನೆಯ ಮೂರನೆಯ ಅಂತಸ್ತಿನಲ್ಲಿ ಒಬ್ಬ ಗ್ರೀಕ್ ವಿಧವೆ ನಮಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದರು. ಅವರ ಹೆಸರು ಎಲೇನಿ. ನನ್ನ ಬಾಯಲ್ಲಿ ಎರಡೇ ದಿನಕ್ಕೆ ಅದು ಎಲೇನಮ್ಮ ಆಯಿತು. ಅರವತ್ತರ ಹೆಂಗಸು, ದಪ್ಪ ಮೈ, ಕಪ್ಪು ಉಡುಪು, ಮೇಲ್ತುಟಿಯ ಮೇಲೆ ತೆಳ್ಳನೆ ಮೀಸೆ. ಅವರ ಅಜ್ಜನ ಕಾಲದಿಂದಲೂ ಆ ಊರಿನಲ್ಲೇ ಇದ್ದವರಂತೆ. ಗ್ರೀಸ್ ದೇಶವನ್ನು ಅವರು ಕಣ್ಣಲ್ಲೂ ಕಂಡಿರಲಿಲ್ಲ. ನಮ್ಮ ಕೆಳಗಿನ ಅಂತಸ್ತಿನಲ್ಲಿ ಇಟಲಿಯ ದರ್ಜಿ ಸಂಸಾರ, ಅದರ ಕೆಳಗೆ ಸಿರಿಯಾದವರು, ಬೀದಿಯ ಮಟ್ಟದಲ್ಲಿ ಒಬ್ಬ ಯೆಹೂದಿ ಗಡಿಯಾರದವನು. ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತರೆ ನಾಲ್ಕು ದೇಶದ ಅಡಿಗೆ ಮೂಗಿಗೆ ಬರುತ್ತಿತ್ತು: ಬೆಳ್ಳುಳ್ಳಿ, ಸುಟ್ಟ ಬದನೆಕಾಯಿ, ಆಲಿವ್ ಎಣ್ಣೆ, ಮೀನು. ಒಗ್ಗರಣೆಯ ವಾಸನೆ ಮಾತ್ರ ಯಾವ ಬಾಗಿಲಿನಿಂದಲೂ ಬರುತ್ತಿರಲಿಲ್ಲ.

ಅಣ್ಣ ಬೆಳಗ್ಗೆ ಎಂಟಕ್ಕೆ ಹೋದರೆ ಸಂಜೆಗೇ ಬರುವುದು. ನನಗೆ ಶಾಲೆಯಿಲ್ಲ, ಜೊತೆಯಿಲ್ಲ, ಭಾಷೆಯಿಲ್ಲ. ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು ಕೂತು ಸಮುದ್ರ ನೋಡುತ್ತಿದ್ದೆ. ಚಳಿಗಾಲದಲ್ಲಿ ಅಲ್ಲಿನ ಮರಳದಂಡೆಯ ಮೇಲೆ ಯಾರೂ ಇರುವುದಿಲ್ಲ. ಬೇಸಗೆಯಲ್ಲಿ ಸ್ನಾನಕ್ಕೆ ಬರುವವರಿಗೆಂದು ಕಟ್ಟಿದ ಮರದ ಗೂಡುಗಳಿಗೆಲ್ಲ ಬೀಗ ಹಾಕಿರುತ್ತಾರೆ. ಗಾಳಿ ಎದ್ದ ದಿನ ಅಲೆಗಳು ಕಟ್ಟೆ ಹಾರಿ ರಸ್ತೆಗೆ ಬಂದು ಬೀಳುತ್ತಿದ್ದವು. ರಾಜಾಜಿನಗರದಲ್ಲಿ ಈಗ ಸರಸ ಕುಂಟೆಬಿಲ್ಲೆಯ ಎಷ್ಟನೆಯ ಮನೆಯಲ್ಲಿರಬಹುದು ಎಂದು ಯೋಚಿಸುತ್ತಿದ್ದೆ. ಸರಸ ನಮ್ಮ ಪಕ್ಕದ ಮನೆಯವಳು, ನನ್ನ ಒಬ್ಬಳೇ ಗೆಳತಿ. ತಾರಸಿಯ ಕಲ್ಲುಹಾಸಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಆಡಿ ನೋಡಿದೆ. ಒಬ್ಬಳೇ ಆಡಿದರೆ ಕುಂಟೆಬಿಲ್ಲೆಯಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಬರೀ ಕಾಲು ನೋಯುತ್ತದೆ.

ಆ ತಾರಸಿಯಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ಉಮ್ ಹಸನ್ ಎನ್ನುತ್ತಿದ್ದರು. ಹಸನನ ತಾಯಿ ಎಂದರ್ಥವಂತೆ. ಮೊದಲ ದಿನ ಅವಳು ನನ್ನನ್ನು ಕಂಡು ಕೈ ಬೀಸುತ್ತಾ "ತಾಲಿ, ತಾಲಿ" ಎಂದಳು. ನನಗೆ ಕೇಳಿಸಿದ್ದು "ತಾಳಿ" ಎಂದು. ಎಷ್ಟು ಮರ್ಯಾದೆಯಿಂದ ಕಾಯಲು ಹೇಳುತ್ತಿದ್ದಾಳಲ್ಲ ಎಂದುಕೊಂಡು ನಿಂತಲ್ಲೇ ನಿಂತೆ. ಅವಳು ಇನ್ನೂ ಜೋರಾಗಿ "ತಾಲಿ!" ಎಂದಳು. ನಾನು ಇನ್ನೂ ನೆಟ್ಟಗೆ ನಿಂತೆ. ಕೊನೆಗೆ ಅವಳೇ ಬಂದು ನನ್ನ ಕೈಗೆ ಒಂದು ಬಿಸಿ ರೊಟ್ಟಿ ಇಟ್ಟಳು. ಬಾ ಎನ್ನುವುದಕ್ಕೆ ಅವರ ಭಾಷೆಯಲ್ಲಿ ಹಾಗೆನ್ನುತ್ತಾರೆ ಎಂದು ಸಂಜೆ ಅಣ್ಣ ತಿಳಿದುಕೊಂಡು ಬಂದು ಹೇಳಿದರು.

ರಜೆಯ ದಿನ ಅಣ್ಣ ನನ್ನನ್ನು ಊರು ತೋರಿಸಲು ಕರೆದೊಯ್ಯುತ್ತಿದ್ದರು. ಎರಡು ಅಂತಸ್ತಿನ ಟ್ರಾಮಿನ ಮೇಲಿನ ಅಂತಸ್ತಿನಲ್ಲಿ ಕೂತು ಹೋಗುತ್ತಿದ್ದೆವು. ಸಮುದ್ರದ ತುದಿಯಲ್ಲಿ ಒಂದು ಹಳೆಯ ಕೋಟೆ; ಅದಕ್ಕೂ ಹಿಂದೆ ಅಲ್ಲಿ ಲೋಕಕ್ಕೇ ದೊಡ್ಡದಾದ ದೀಪಸ್ತಂಭವಿತ್ತಂತೆ. ಊರೊಳಗೆ ಒಂದು ದಿಬ್ಬದ ಮೇಲೆ ಕೆಂಪು ಕಲ್ಲಿನ ಒಂಟಿ ಕಂಬ ಆಕಾಶಕ್ಕೆ ನಿಂತಿತ್ತು. ಕುತ್ತಿಗೆ ನೋಯುವಷ್ಟು ತಲೆಯೆತ್ತಿ ನೋಡಿ ಕೇಳಿದೆ:

"ಅಣ್ಣ, ಗರುಡಗಂಬ ಇದೆ. ಗುಡಿ ಎಲ್ಲಿ?"

"ಇತ್ತಂತೆ. ಎರಡು ಸಾವಿರ ವರ್ಷದ ಹಿಂದಿನ ಮಾತು. ಗುಡಿ ಹೋಯ್ತು, ಕಂಬ ಉಳೀತು."

ಇಬ್ಬರೂ ಅಲ್ಲೇ ಕೂತು ಕಡಲೆಕಾಯಿ ತಿಂದು ಮನೆಗೆ ಬಂದೆವು.

ಎಲೇನಮ್ಮನಿಗೂ ನನಗೂ ಗೆಳೆತನವಾಗಿದ್ದು ಕಾಳಿನಿಂದ. ಆ ಊರಿನ ಬಡವರು, ಬಲ್ಲಿದರು ಎಲ್ಲರೂ ತಿನ್ನುವ ಒಂದು ಕಾಳಿದೆ, ಫೂಲ್ ಎನ್ನುತ್ತಾರೆ. ನೋಡಲು ನಮ್ಮ ಅವರೆಯ ದಾಯಾದಿ, ಸ್ವಲ್ಪ ದಪ್ಪ. ಒಂದು ದಿನ ಅವರ ಅಡಿಗೆಮನೆಯಲ್ಲಿ ಅದನ್ನು ಬೋಗುಣಿಯಲ್ಲಿ ನೆನೆಹಾಕಿದ್ದು ಕಂಡಿತು. ನನ್ನ ಕೈ ಸುಮ್ಮನಿರಲಿಲ್ಲ. ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಹಿತುಕಿದೆ. ಸಿಪ್ಪೆ ಕೈಯಲ್ಲುಳಿದು ಬೇಳೆ ಪುಟಕ್ಕನೆ ಹಾರಿ ಬೋಗುಣಿಗೆ ಬಿತ್ತು. ಇನ್ನೊಂದು. ಮತ್ತೊಂದು. ಎಲೇನಮ್ಮ ಕೈಕಟ್ಟಿಕೊಂಡು ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ತಾವೂ ಕೂತರು. ಅವರು ಹಿತುಕಿದ ಮೊದಲ ಬೇಳೆ ಹಾರಿ ಗೋಡೆಯ ಮೇಲಿನ ದೇವರ ಪಟಕ್ಕೆ ಬಡಿಯಿತು. ಅವರು ಗಾಬರಿಯಿಂದ ಎದ್ದು ಪಟಕ್ಕೆ ಮುತ್ತಿಟ್ಟು ಕ್ಷಮೆ ಕೇಳಿದರು. ನಂತರ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಂಜೆ ಅಣ್ಣ ಬಂದು ಅತ್ತೆ ಕಟ್ಟಿಕೊಟ್ಟಿದ್ದ ಹುಳಿಪುಡಿಯ ಡಬ್ಬಿ ತೆಗೆದರು. ಕೊಬ್ಬರಿಯಿಲ್ಲ, ಕೊತ್ತಂಬರಿ ಸೊಪ್ಪಿತ್ತು. ಆಲಿವ್ ಎಣ್ಣೆಯಲ್ಲೇ ಒಗ್ಗರಣೆ. ಹೇಗೋ ಹಿತಕಿದ ಬೇಳೆ ಹುಳಿ ಆಯಿತು. ಎಲೇನಮ್ಮ ಒಂದು ಚಮಚ ಬಾಯಿಗಿಟ್ಟರು. ಅವರ ಮುಖ ಟೊಮೇಟೊ ಹಣ್ಣಾಯಿತು. "ನೆರೋ! ನೆರೋ!" ಎಂದು ಕೂಗಿಕೊಂಡರು. ನಾನು ಓಡಿಹೋಗಿ ಲೋಟದಲ್ಲಿ ನೀರು ತಂದುಕೊಟ್ಟೆ. ಕುಡಿದು ಸುಧಾರಿಸಿಕೊಂಡ ಮೇಲೆ ಅವರು ಬೆರಗಾಗಿ ನನ್ನನ್ನೇ ನೋಡಿದರು. ಲೋಟ ತೋರಿಸಿ "ನೆರೋ?" ಎಂದರು. ನಾನು "ನೀರು!" ಎಂದೆ. ಅವರ ಮಾತಿನಲ್ಲಿಯೂ ನೀರಿಗೆ ಹೆಚ್ಚುಕಡಿಮೆ ನೀರೇ ಎನ್ನುತ್ತಾರೆ! ಅವರು ನನ್ನನ್ನು ಎಳೆದು ಎದೆಗೊತ್ತಿಕೊಂಡರು. ಬೆಳ್ಳುಳ್ಳಿ ಮತ್ತು ಸಾಬೂನಿನ ವಾಸನೆ. ಅವ್ವ ಹೋದ ಮೇಲೆ ಯಾರಾದರೂ ನನ್ನನ್ನು ಹಾಗೆ ಹಿಡಿದುಕೊಂಡದ್ದು ಅದೇ ಮೊದಲು.

ಆ ಧೈರ್ಯದಲ್ಲಿಯೋ ಏನೋ, ಮರುದಿನ ನಾನು ಅಣ್ಣನನ್ನು ಕೇಳಿಬಿಟ್ಟೆ.

"ಅಣ್ಣ, ಕಾವೇರಿ ನೀರು ಇಲ್ಲಿಗೆ ಬರಕ್ಕೆ ಎಷ್ಟು ದಿನ ಬೇಕು?"

"ಕಾವೇರಿನಾ? ಅದು ಇಲ್ಲಿಗ್ಯಾಕೆ ಬರುತ್ತೆ?" ಅಣ್ಣ ಉತ್ಸಾಹದಿಂದ ತಮ್ಮ ಡೈರಿಯ ಹಿಂದಿದ್ದ ಭೂಪಟ ಬಿಡಿಸಿದರು. "ನೋಡಿಲ್ಲಿ. ಹೀಗೆ ಕೊಡಗಲ್ಲಿ ಹುಟ್ಟಿ, ಹೀಗೆ ಶ್ರೀರಂಗಪಟ್ಟಣ ದಾಟಿ, ತಂಜಾವೂರ ಕಡೆ ಹೋಗಿ ಪೂರ್ವ ಸಮುದ್ರ ಸೇರುತ್ತೆ. ನಾವು ಬಂದಿರೋದು ಪಶ್ಚಿಮಕ್ಕೆ. ಈ ಸಮುದ್ರವೇ ಬೇರೆ ಕಣಮ್ಮ."

"ಎರಡೂ ಎಲ್ಲೂ ಸೇರಲ್ವಾ?"

"ನಡುವೆ ಎಷ್ಟು ನೆಲ ಇದೆ ನೋಡು. ಆ ಕಾಲುವೇಲಿ ಹಡಗು ಬರುತ್ತೆ, ಕಾವೇರಿ ನೀರು ಬರಲ್ಲ."

ನೋಡಿದೆ. ಅವರ ಬೆರಳಿನಷ್ಟು ಅಗಲದ ನೆಲ. ನಾವು ಹಡಗಿನಲ್ಲಿ ಹಗಲೂ ಇರುಳೂ ಅವ್ವನಿಂದ ದೂರ ದೂರಕ್ಕೆ ಬಂದಿದ್ದೆವು. ನಾನು ನೋಡಿದ ಅಷ್ಟೂ ನೀರು ಸುಮ್ಮನೆ ನೀರು.

ಅಂದಿನಿಂದ ಬಾಲ್ಕನಿಗೆ ಹೋಗುವುದನ್ನು ಬಿಟ್ಟೆ. ಊಟ ಸೇರಲಿಲ್ಲ. ಅಣ್ಣ ಹಣೆ ಮುಟ್ಟಿ ನೋಡಿದರು, ಜ್ವರವಿರಲಿಲ್ಲ. ಎಲೇನಮ್ಮ ಕಿತ್ತಳೆ ಹಣ್ಣು ಸುಲಿದು ತೊಳೆ ತೊಳೆಯಾಗಿ ಬಾಯಿಗಿಟ್ಟರು. ನಾನು ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದೆ.

ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಒಂದು ಬೆಳಗ್ಗೆ ಎಲೇನಮ್ಮ ಇಸ್ತ್ರಿ ಮಾಡಿದ ಕಪ್ಪು ಉಡುಪು ತೊಟ್ಟು, ನನಗೂ ತಲೆ ಬಾಚಿ, ಕೈ ಹಿಡಿದು ಹೊರಗೆ ಕರೆದೊಯ್ದರು. ಗ್ರೀಕರಿಗೆ ಅಂದು ನೀರಿನ ಹಬ್ಬ. ಕಡಲ ಕಟ್ಟೆಯ ಮೇಲೆ ನೂರಾರು ಜನ. ಬಿಳಿ ಗಡ್ಡದ ಪೂಜಾರಿ ಜರಿಯ ನಿಲುವಂಗಿ ತೊಟ್ಟು ರಾಗವಾಗಿ ಪ್ರಾರ್ಥನೆ ಹೇಳುತ್ತಿದ್ದ. ಸಾಂಬ್ರಾಣಿಯ ಹೊಗೆಯನ್ನು ಗಾಳಿ ಎಳೆದುಕೊಂಡು ಹೋಗುತ್ತಿತ್ತು. ಅಂಚಿನಲ್ಲಿ ಐದಾರು ತರುಣರು ಬರೀ ಚಡ್ಡಿಯಲ್ಲಿ ಚಳಿಗೆ ನಡುಗುತ್ತಾ ನಿಂತಿದ್ದರು. ಪೂಜಾರಿ ಕೈಯೆತ್ತಿ ಒಂದು ಮರದ ಶಿಲುಬೆಯನ್ನು ಸಮುದ್ರಕ್ಕೆ ಎಸೆದ. ತರುಣರು ಧುಮುಕಿದರು. ನೀರು ಮುಚ್ಚಿಕೊಂಡಿತು. ಜನ ಉಸಿರು ಬಿಗಿಹಿಡಿದರು. ಎಷ್ಟು ಹೊತ್ತೋ ಕಾಣೆ, ಒಬ್ಬನ ತಲೆ ಮೇಲೆ ಬಂತು, ಆಮೇಲೆ ಅವನ ಕೈ, ಕೈಯಲ್ಲಿ ಆ ಶಿಲುಬೆ. ಜನ ಹೋ ಎಂದು ಕೂಗಿದರು. ಎಲೇನಮ್ಮ ಅಳುತ್ತಿದ್ದರು.

ನನಗೆ ಕಂಡದ್ದು ಒಂದೇ. ನೀರಿಗೆ ಹಾಕಿದ್ದನ್ನು ನೀರು ವಾಪಸು ಕೊಟ್ಟಿತು. ಪ್ರಾರ್ಥನೆ ಮಾಡಿ, ಇಳಿದು ಹುಡುಕಿದರೆ ಕೊಡುತ್ತದೆ.

ಜನವೆಲ್ಲ ಪೂಜಾರಿಯಿಂದ ತೀರ್ಥ ಹಾಕಿಸಿಕೊಳ್ಳಲು ನುಗ್ಗಿದಾಗ ಎಲೇನಮ್ಮನ ಕೈ ಒಂದು ಗಳಿಗೆ ಸಡಿಲವಾಯಿತು. ಕಟ್ಟೆಯ ಪಕ್ಕದಲ್ಲೊಂದು ಚಿಕ್ಕ ಮರಳದಂಡೆ. ಮೆಟ್ಟಿಲಿಳಿದು ಅಲ್ಲಿಗೆ ಹೋದೆ. ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟೆ. ನಮ್ಮ ಮನೆಯ ತೊಟ್ಟಿಯ ನೀರಿಗಿಂತ ನೂರು ಪಾಲು ತಣ್ಣಗೆ. ಮೊಳಕಾಲು, ಸೊಂಟ, ಎದೆ. "ಅವ್ವಾ" ಎಂದು ಒಂದು ಸಲ ಕೂಗಿದ ನೆನಪಿದೆ. ಎರಡನೆಯ ಸಲ ಕೂಗಲು ಬಾಯಿ ತೆರೆದಾಗ ಅಲೆ ಬಂತು. ಬಾಯಿ, ಮೂಗು, ಕಣ್ಣು ಎಲ್ಲ ಉಪ್ಪು. ಕಾಲಡಿ ಮರಳು ಇರಲಿಲ್ಲ.

ಆಮೇಲೆ ಯಾರೋ ನನ್ನ ಜಡೆ ಹಿಡಿದು ಮೇಲೆ ಎಳೆದರು. ಎಲೇನಮ್ಮ ತಮ್ಮ ಇಸ್ತ್ರಿ ಮಾಡಿದ ಉಡುಪಿನಲ್ಲೇ ಕತ್ತಿನವರೆಗೆ ನೀರಿನಲ್ಲಿ ನಿಂತಿದ್ದರು.

ಮನೆಗೆ ಹೊತ್ತು ತಂದು ಮಂಚದ ಮೇಲೆ ಹಾಕಿದಾಗ ಇಡೀ ಮನೆ ನಮ್ಮ ಕೋಣೆಗೆ ಬಂತು. ದರ್ಜಿಯ ಹೆಂಡತಿ ಬಿಸಿ ಗಂಜಿಯಂಥದೇನನ್ನೋ ತಂದಳು. ಸಿರಿಯಾದವರ ಮನೆಯಿಂದ ಸೋಂಪಿನ ಕಷಾಯ ಬಂತು. ಗಡಿಯಾರದವನು ವೈದ್ಯರನ್ನು ಕರೆಯಲು ಓಡಿದ. ಉಮ್ ಹಸನ್ ತಾರಸಿಯಿಂದ ಇಳಿದು ಬಂದು ನನ್ನ ಪಾದಗಳನ್ನು ತನ್ನ ಮಡಿಲಿಗೆಳೆದುಕೊಂಡು ಉಜ್ಜುತ್ತಾ ತನ್ನ ದೇವರನ್ನು ನೆನೆಯುತ್ತಿದ್ದಳು. ಎಲೇನಮ್ಮ ಒದ್ದೆ ಬಟ್ಟೆಯನ್ನೂ ಬದಲಿಸದೆ ನನ್ನ ಎದೆಗೆ ಎಣ್ಣೆ ತಿಕ್ಕುತ್ತಿದ್ದರು. ಅಣ್ಣ ಓಡಿ ಬಂದು ಬಾಗಿಲಲ್ಲಿ ನಿಂತರು. ಕೋಟಿನ ತುಂಬ ಹತ್ತಿ. ಅವರನ್ನು ಕಂಡು ಒಬ್ಬೊಬ್ಬರಾಗಿ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಅಣ್ಣ ಬೈಯುತ್ತಾರೆಂದುಕೊಂಡಿದ್ದೆ. ಅವರು ಮಂಚದ ಪಕ್ಕ ನೆಲದ ಮೇಲೆ ಕೂತರು.

"ಯಾಕವ್ವ ನೀರಿಗಿಳಿದೆ?"

"ಅವ್ವನ್ನ ಕೊಡು ಅಂತ ಕೇಳೋಣ ಅಂತ."

"ಯಾರನ್ನ?"

"ಸಮುದ್ರಾನ." ನಾನೇ ಮುಂದುವರಿಸಿದೆ. "ಕಾವೇರಿ ಇಲ್ಲಿಗೆ ಬರಲ್ಲ ಅಂತ ನೀನು ಹೇಳಿದ್ದೆ, ಗೊತ್ತು. ಆದ್ರೂ ಒಂದ್ಸಲ ಕೇಳೋಣ ಅಂತ."

ಅಣ್ಣ ಮಂಚದ ಅಂಚಿಗೆ ಹಣೆ ಒತ್ತಿ ಕೂತುಬಿಟ್ಟರು. ಅವರ ಬೆನ್ನು ಅಲುಗುತ್ತಿತ್ತು. ಗಂಡಸರು ಅಳುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ, ಹೆದರಿಕೆಯಾಯಿತು. ತಲೆ ಎತ್ತದೆಯೇ ಮಾತಾಡಿದರು.

"ನಿಮ್ಮವ್ವನ ಬೂದಿ ಮಡಕೇನ ನೀರಿಗೆ ಬಿಡಬೇಕಾಗಿತ್ತು. ನನ್ನ ಕೈಲಿ ಆಗಲಿಲ್ಲ ಕಣಮ್ಮ. ಪುರೋಹಿತರು ಎರಡು ಸಲ ಹೇಳಿದ್ರು. ಕೊನೆಗೆ ನಿಮ್ಮ ಹೊಸಹಳ್ಳಿ ಮಾವ ನೀರಿಗಿಳಿದು ಬಂದು ನನ್ನ ಬೆರಳು ಬಿಡಿಸಿದ್ರು."

"ಅತ್ತೆ ಹೇಳ್ಲಿಲ್ಲ."

"ಹೇಳಬೇಡ ಅಂದಿದ್ದೆ." ಕೋಟಿನ ತೋಳಲ್ಲಿ ಕಣ್ಣು ಒರೆಸಿಕೊಂಡು ಹೇಳಿದರು: "ಎಲ್ಲರೂ ಕೇಳಿದ್ರು, ಮಗೂನ ಯಾಕೆ ಹಡಗು ಹತ್ತಿಸ್ತೀಯ ಅಂತ. ನಿನಗೋಸ್ಕರ ಕರ್ಕೊಂಡು ಬರಲಿಲ್ಲ ನಾನು. ನೀನು ಜೊತೇಲಿ ಇರದಿದ್ರೆ ಆ ಹಡಗಿಂದ ನಾನು ದಡಕ್ಕೆ ಇಳೀತಿದ್ನೋ ಇಲ್ವೋ, ನನಗೇ ನಂಬಿಕೆ ಇರಲಿಲ್ಲ."

ಒಂಬತ್ತು ವರ್ಷದವಳಿಗೆ ಆ ಮಾತಿನ ಭಾರ ಪೂರ್ತಿ ತಿಳಿಯಲಿಲ್ಲ. ಆದರೂ ನಾನು ಕೈಚಾಚಿ ಅವರ ಅಂಗಿ ಹಿಡಿದುಕೊಂಡೆ.

ಅಂದು ಮಧ್ಯಾಹ್ನದಿಂದ ಸಂಜೆಯವರೆಗೆ ಅಣ್ಣ ಅವ್ವನ ಬಗ್ಗೆ ಮಾತಾಡಿದರು. ಮದುವೆಯಾಗಿ ಬಂದಾಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲವಂತೆ. ಅಣ್ಣ ಕೆಲಸಕ್ಕೆ ಹೋದ ಮೇಲೆ ಬಾಗಿಲ ಹಿಂಬದಿಯಲ್ಲಿ ಇದ್ದಿಲಿನಿಂದ ತನ್ನ ಹೆಸರು ಬರೆದು ಬರೆದು ಕಲಿತು, ಅವರು ಬರುವುದರೊಳಗೆ ಒರೆಸಿಬಿಡುತ್ತಿದ್ದಳಂತೆ. ರಾಗಿ ಬೀಸುವಾಗ ಹಾಡುತ್ತಿದ್ದಳು, ಶ್ರುತಿ ಮಾತ್ರ ಒಂದು ದಿನವೂ ಸೇರುತ್ತಿರಲಿಲ್ಲ. ಹೇಳುತ್ತಾ ಅಣ್ಣ ಒಮ್ಮೆ ಅವಳ ಹಾಗೆಯೇ ಹಾಡಿ ತೋರಿಸಿದರು. ಇಬ್ಬರೂ ನಕ್ಕೆವು. ಇನ್ನೂ ಎಷ್ಟೋ ಹೇಳಿದರು. ಎಲೇನಮ್ಮ ದೀಪ ತಂದಿಟ್ಟು ಹೋದರು. ಅಂದು ನಾನು ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಹತ್ತಿಯ ಕೆಲಸ ಮುಗಿದು ನಾವು ಹೊರಟಾಗ ಎಲೇನಮ್ಮ ಬಂದರಿನವರೆಗೂ ಬಂದರು. ಅಳಲಿಲ್ಲ. ನನ್ನ ಜಡೆಯನ್ನು ಒಮ್ಮೆ ಬಲವಾಗಿ ಜಗ್ಗಿ ಬಿಟ್ಟರು.

ರಾಜಾಜಿನಗರಕ್ಕೆ ಬಂದಾಗ ಯುಗಾದಿ ಹತ್ತಿರವಾಗಿತ್ತು. ಅವರೆಕಾಯಿ ಕಾಲ ಮುಗಿದುಹೋಗಿತ್ತು. ಅತ್ತೆ ನನ್ನ ಕತ್ತು, ಕೈ ಮುಟ್ಟಿ ನೋಡಿ "ಸೊರಗವ್ಳೆ" ಎಂದು ಅಣ್ಣನನ್ನು ಬೈದರು. ಸರಸನಿಗೆ ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಓಡಿಹೋದರೆ ಅವಳು ಎದುರು ಸಾಲಿನ ಪದ್ಮನ ಜೊತೆ ಅಣ್ಣೆಕಲ್ಲು ಆಡುತ್ತಿದ್ದಳು.

"ನೀನು ಬರಲ್ಲ ಅಂದ್ಕೊಂಡೆ ಕಣೇ," ಎಂದಳು ಸರಸ. "ನಾವಿಬ್ರೂ ಜೊತೆ ಆಗಿದೀವಿ. ಬೇಕಾದ್ರೆ ನೀನು ಲೆಕ್ಕ ಇಟ್ಕೊ."

ಶಾಲೆಯಲ್ಲಿ ಮೇಷ್ಟ್ರು ಕಂಡದ್ದನ್ನು ಹೇಳು ಎಂದು ಎದ್ದು ನಿಲ್ಲಿಸಿದರು. ಎಲ್ಲಿಂದ ಶುರುಮಾಡುವುದೋ ತಿಳಿಯದೆ, "ಅಲ್ಲಿ ನೀರಿಗೆ ನೆರೋ ಅಂತಾರೆ ಸಾರ್, ಬಾ ಅನ್ನೋಕೆ ತಾಲಿ ಅಂತಾರೆ" ಎಂದೆ. ತರಗತಿ ಗೊಳ್ಳೆಂದಿತು. ಮೇಷ್ಟ್ರೂ ನಕ್ಕು, "ಸುಳ್ಳು ಪೋಣಿಸಬಾರದಮ್ಮ, ಕೂತ್ಕೊ" ಎಂದರು. ಕೂತೆ. ಆ ಶಾಲೆ ಬಿಡುವವರೆಗೂ ನನ್ನ ಹೆಸರು ಹಡಗು. ಯಾರಿಗೂ ಮತ್ತೇನನ್ನೂ ಹೇಳಲಿಲ್ಲ.

ಅಣ್ಣನೊಂದಿಗಾದರೂ ಮಾತಾಡಬಹುದು ಎಂದುಕೊಂಡಿದ್ದೆ. ಆದರೆ ಬೆಂಗಳೂರಿನ ಮನೆಯ ಹೊಸಿಲು ದಾಟಿದ ಕೂಡಲೇ ಅವರು ಮತ್ತೆ ಮೊದಲಿನಂತಾದರು. ಮರುವರ್ಷ ಅತ್ತೆ ಹಟ ಹಿಡಿದು ಅವರಿಗೆ ಇನ್ನೊಂದು ಮದುವೆ ಮಾಡಿಸಿದರು. ಚಿಕ್ಕವ್ವ ಒಳ್ಳೆಯವಳು, ನನ್ನನ್ನು ಒಂದು ದಿನವೂ ಗದರಲಿಲ್ಲ. ಅವಳ ಎದುರಿಗೆ ಅವ್ವನ ಮಾತಾಗಲಿ, ಆ ಚಳಿಗಾಲದ ಮಾತಾಗಲಿ ಎತ್ತುವುದು ಸರಿಯಲ್ಲ ಎಂದು ನಾನೂ ಅಣ್ಣನೂ ಹೇಳಿಕೊಳ್ಳದೆಯೇ ಒಪ್ಪಿಕೊಂಡೆವು. ಎಲೇನಮ್ಮನಿಂದ ಒಂದೇ ಒಂದು ಕಾಗದ ಬಂತು, ಫ್ರೆಂಚಿನಲ್ಲಿ. ಮಿಲ್ಲಿನಲ್ಲಿ ಯಾರಿಂದಲೋ ಓದಿಸಿಕೊಂಡು ಬಂದ ಅಣ್ಣ, "ನಿನ್ನ ಕೇಳಿದಾರೆ" ಎಂದಷ್ಟೇ ಹೇಳಿದರು. ನಾವು ಬರೆದ ಉತ್ತರ ತಲುಪಿತೋ ಇಲ್ಲವೋ. ಅಷ್ಟರಲ್ಲಿ ನಮ್ಮ ಹಡಗು ಸಾಗಿದ್ದ ಆ ಕಾಲುವೆಗಾಗಿ ಯುದ್ಧ ಶುರುವಾಯಿತೆಂದು ಪತ್ರಿಕೆಯಲ್ಲಿ ಬಂತು. ಮುಂದಿನ ವರ್ಷಗಳಲ್ಲಿ ಗ್ರೀಕರು, ಇಟಲಿಯವರು, ಯೆಹೂದಿಗಳು ಒಬ್ಬೊಬ್ಬರಾಗಿ ಆ ಊರು ಬಿಟ್ಟರಂತೆ. ತಮ್ಮದಲ್ಲದ ಗ್ರೀಸಿಗೆ ಎಲೇನಮ್ಮ ಆ ವಯಸ್ಸಿನಲ್ಲಿ ಹೋದರೋ, ಆ ಮೂರನೆಯ ಅಂತಸ್ತಿನಲ್ಲೇ ಉಳಿದರೋ ತಿಳಿಯಲಿಲ್ಲ.

ಹೊಸಹಳ್ಳಿಯ ಹೊಲಗಳು ಹೋಗಿ ಬಹಳ ಕಾಲವಾಯಿತು. ಅತ್ತೆ ನಡೆದು ಬರುತ್ತಿದ್ದ ಬದು ಎಲ್ಲಿತ್ತೆಂದು ನಾನೀಗ ತೋರಿಸಲಾರೆ. ಅದಕ್ಕೆ ಅಷ್ಟು ದುಃಖವಿಲ್ಲ. ಹೊಲಗಳನ್ನು ಕಂಡವರು ಇನ್ನೂ ಇದ್ದಾರೆ, ಕೂತು ಮಾತಾಡಿದರೆ ಎಲ್ಲರೂ ಸೇರಿ ನೆನಪು ಮಾಡಿಕೊಳ್ಳುತ್ತೇವೆ. ಅಲೆಕ್ಸಾಂಡ್ರಿಯಾದ ಆ ಚಳಿಗಾಲವನ್ನು ಕನ್ನಡದಲ್ಲಿ ಬಲ್ಲವರು ಇಬ್ಬರೇ ಇದ್ದೆವು.

ಅಣ್ಣ ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ, ಚಿಕ್ಕವ್ವ ಊರಿಗೆ ಹೋಗಿದ್ದ ಒಂದು ಸಂಜೆ, ಜಗಲಿಯ ಮೇಲೆ ಕೂತಿದ್ದವರು ಇದ್ದಕ್ಕಿದ್ದಂತೆ ಕೇಳಿದರು.

"ಆ ಎಲೇನಮ್ಮ ಏನಾದ್ಲೋ ಪಾಪ?"

ನಲವತ್ತು ವರ್ಷದಲ್ಲಿ ಆ ಹೆಸರನ್ನು ನಮ್ಮಿಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟು ಹೇಳಿದ್ದು ಅದೊಂದೇ ಸಲ. ನಾನು ಏನು ಹೇಳುವುದೆಂದು ಯೋಚಿಸುವುದರೊಳಗೆ ಗೇಟಿನ ಸದ್ದಾಯಿತು, ನನ್ನ ಮಕ್ಕಳು ಬಂದರು, ಮಾತು ಬೇರೆ ಕಡೆ ಹೋಯಿತು. ಮುಂದಿನ ವರ್ಷ ಅಣ್ಣ ತೀರಿಕೊಂಡರು.

ಅಂದು ಮಂಚದ ಪಕ್ಕ ನೆಲದ ಮೇಲೆ ಕೂತು ಅವರು ಅವ್ವನ ಬಗ್ಗೆ ಹೇಳಿದ್ದು ಒಂದು ಮಧ್ಯಾಹ್ನದಷ್ಟು ಉದ್ದದ ಮಾತು. ನನಗೀಗ ಉಳಿದಿರುವುದು ಬಾಗಿಲ ಹಿಂದಿನ ಅಕ್ಷರ ಮತ್ತು ಶ್ರುತಿ ಸೇರದ ಹಾಡು, ಎರಡೇ. ಆ ಹಾಡು ಯಾವುದು ಎಂಬುದೂ ಮರೆತುಹೋಗಿದೆ. ಉಳಿದದ್ದನ್ನು ಇನ್ನೊಮ್ಮೆ ಹೇಳು ಎಂದು ಅಣ್ಣನನ್ನು ಕೇಳಬಹುದಾಗಿತ್ತು. ನಲವತ್ತು ವರ್ಷ ಒಂದೇ ಊರಿನಲ್ಲಿ, ಮೊದಲು ಒಂದೇ ಮನೆಯಲ್ಲಿ, ನನ್ನ ಮದುವೆಯ ಮೇಲೆ ಎರಡು ಬೀದಿಯ ಅಂತರದಲ್ಲಿ ಇದ್ದೆವು. ಕೇಳಲಿಲ್ಲ.